ಸುತ್ತೋಲೆಯಿಂದ ವಿದ್ಯಾರ್ಥಿಯವರೆಗೆ

(ಸಂಘದ ಪದವಿ ಕಾಲೇಜಿನ ಅಧ್ಯಾಪಕರ ವಾರ್ಷಿಕ ಸಭೆಯಲ್ಲಿ ಪ್ರಾಂಶುಪಾಲರು ಮಾಡಿದ ಭಾಷಣದ ಬರಹರೂಪ)



ವರ್ಷಕ್ಕೊಮ್ಮೆ ನಾವು ಹೀಗೆ ಒಟ್ಟಿಗೆ ಕುಳಿತುಕೊಳ್ಳುತ್ತೇವೆ. ಕಾಲೇಜಿನಲ್ಲಿ ಏನೇನಾಯಿತು, ಸರಕಾರ ಮತ್ತು ವಿಶ್ವವಿದ್ಯಾನಿಲಯಗಳಿಂದ ಏನೇನು ಬದಲಾವಣೆ ಬಂತು, ಮುಂದಿನ ವರ್ಷ ನಾವು ಏನು ಮಾಡಬೇಕೆಂದಿದ್ದೇವೆ ಎಂಬುದನ್ನು ತಮ್ಮ ಮುಂದಿಡುವುದು ನನ್ನ ಕರ್ತವ್ಯ. ಸಂಘದ ವಾರ್ಷಿಕ ಸಂಚಿಕೆಯಲ್ಲಿ ಈ ಭಾಷಣ ಅಚ್ಚಾಗುತ್ತದೆ ಎಂದು ಸಂಪಾದಕರು ತಿಳಿಸಿದ್ದಾರೆ. ಆದ್ದರಿಂದ ಸಂಘದ ಸದಸ್ಯರೂ ನಮ್ಮ ವಿದ್ಯಾರ್ಥಿಗಳೂ ಓದುತ್ತಾರೆಂಬ ಅರಿವಿನಿಂದಲೇ ಮಾತನಾಡುತ್ತೇನೆ. ಕಟ್ಟಡಕ್ಕೆ ಬಣ್ಣ ಬಳಿದದ್ದು, ಹೊಸ ಬೆಂಚು ಬಂದದ್ದು ತಮ್ಮ ಕಣ್ಣೆದುರಿಗೇ ಇದೆ. ಅದನ್ನು ವಿವರಿಸಲು ತಮ್ಮ ಸಮಯ ತೆಗೆದುಕೊಳ್ಳುವುದಿಲ್ಲ.

ಈ ವರ್ಷ ನಾನು ತಮ್ಮಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮ ಕಚೇರಿಗೆ ಬಂದ ಸುದ್ದಿ ಕೊನೆಯ ಬೆಂಚಿನ ವಿದ್ಯಾರ್ಥಿಗೆ ತಲುಪುವವರೆಗೆ ಅದು ತಲುಪಿದಂತಲ್ಲ. ಸೂಚನಾ ಫಲಕಕ್ಕೆ ಕಾಗದ ಅಂಟಿಸಿದರೆ, ವಾಟ್ಸ್‌ಆ್ಯಪ್ ಗುಂಪಿಗೆ ಸುತ್ತೋಲೆಯ ಚಿತ್ರ ಕಳುಹಿಸಿದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುವ ಅಭ್ಯಾಸ ಎಲ್ಲ ಸಂಸ್ಥೆಗಳಲ್ಲೂ ಇದೆ. ಅಪ್ಪ ಅಮ್ಮ ಪದವೀಧರರಾಗಿರುವ ಮನೆಯ ಮಗುವಿಗೆ ಅಷ್ಟು ಸಾಕಾಗಬಹುದು. ತನ್ನ ಮನೆಯಲ್ಲಿ ತಾನೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಮಗುವಿಗೆ ಅದು ಸಾಲದು. ಅರ್ಜಿಯ ಕೊನೆಯ ದಿನಾಂಕ ತಪ್ಪಿದರೆ ಒಂದು ವರ್ಷದ ವಿದ್ಯಾರ್ಥಿವೇತನ ಹೋಗುತ್ತದೆ. ವಿದ್ಯಾರ್ಥಿವೇತನ ಹೋದರೆ ಶುಲ್ಕ ಬಾಕಿಯಾಗುತ್ತದೆ. ಶುಲ್ಕ ಬಾಕಿಯಾದರೆ ಮಗು ಅಂಗಡಿಯ ಕೆಲಸಕ್ಕೋ ಗ್ಯಾರೇಜಿಗೋ ಹೋಗುತ್ತದೆ; ಹೆಣ್ಣುಮಗಳಾದರೆ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ. ಇದು ತಮಗೆಲ್ಲರಿಗೂ ಗೊತ್ತಿರುವ ಸರಪಳಿ.

ನಮ್ಮ ಸ್ಥಿತಿ ಎಲ್ಲಿದೆ?

2006ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಬಂದಾಗ ಅದರಲ್ಲಿದ್ದ ಒಂದು ಮಾತು ದೇಶದಾದ್ಯಂತ ಚರ್ಚೆಯಾಯಿತು. ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ವಿದ್ಯಾರ್ಥಿಗಳಲ್ಲಿ ಒಬ್ಬರು, ಸ್ನಾತಕೋತ್ತರ ಪದವಿ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು ಆ ವರದಿ ಹೇಳಿತ್ತು. ಅನಂತರದ ವರ್ಷಗಳಲ್ಲಿ ಸಂಖ್ಯೆ ನಿಧಾನವಾಗಿ ಏರಿತು. ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಮುಸ್ಲಿಮರ ಪಾಲು ಶೇ. 5.5 ಆಗಿತ್ತು. ಕೊರೊನಾ ಬಂದ 2020-21ರಲ್ಲಿ ಅದು ಶೇ. 4.6ಕ್ಕೆ ಇಳಿಯಿತು. ಮರುವರ್ಷ ಸಂಖ್ಯೆ ಮತ್ತೆ ಏರಿದೆ. ಆದರೆ 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 14.2 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇನ್ನೆಷ್ಟು ದೂರ ಹೋಗಬೇಕೆಂಬುದು ತಿಳಿಯುತ್ತದೆ.

ಒಂದೇ ವರ್ಷದಲ್ಲಿ ಇಷ್ಟು ದೊಡ್ಡ ಇಳಿಕೆ ಹೇಗಾಯಿತು? ಆ ಮಕ್ಕಳು ಆ ವರ್ಷ ದಡ್ಡರಾಗಿಬಿಟ್ಟರೇ? ಇಲ್ಲ. ಮನೆಯ ಆದಾಯ ನಿಂತಿತು, ಕೈಯಲ್ಲಿ ಮೊಬೈಲ್ ಇರಲಿಲ್ಲ, ಕಾಲೇಜಿನೊಂದಿಗಿನ ಸಂಪರ್ಕದ ಎಳೆ ಕಡಿಯಿತು. ಎಳೆ ತೆಳುವಾಗಿರುವ ಕಡೆ ಸ್ವಲ್ಪ ಎಳೆದರೂ ಕಡಿಯುತ್ತದೆ. ಅದನ್ನು ದಪ್ಪ ಮಾಡುವವರು ಯಾರು? ತರಗತಿಗೆ ಹೋಗಿ ಹಾಜರಿ ಕರೆಯುವ ನೀವು. ಇದೇ ಕಾರಣಕ್ಕೆ ಈ ಸಭೆಯನ್ನು ನಾನು ವರ್ಷದ ಎಲ್ಲ ಸಭೆಗಳಿಗಿಂತ ಮುಖ್ಯವೆಂದು ಭಾವಿಸಿದ್ದೇನೆ.

ಒಂದೇ ಕಾಲೇಜು, ಎರಡು ಪಠ್ಯಕ್ರಮ

ಮೊದಲ ಸುದ್ದಿ ಪಠ್ಯಕ್ರಮದ್ದು. ಕಳೆದ ಐದು ವರ್ಷಗಳಲ್ಲಿ ನಾವು ಕಂಡಷ್ಟು ಬದಲಾವಣೆಯನ್ನು ನಮ್ಮ ಹಿರಿಯ ಅಧ್ಯಾಪಕರು ತಮ್ಮ ಇಡೀ ಸೇವಾವಧಿಯಲ್ಲಿ ಕಂಡಿರಲಿಕ್ಕಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು 2021-22ರಿಂದಲೇ ಪದವಿ ಹಂತದಲ್ಲಿ ಜಾರಿಗೆ ತಂದಿತು. ನಾಲ್ಕು ವರ್ಷದ ಆನರ್ಸ್ ಪದವಿ, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮುಕ್ತ ಆಯ್ಕೆಯ ವಿಷಯಗಳು, ಡಿಜಿಟಲ್ ಫ್ಲುಯೆನ್ಸಿಯಂತಹ ಕೌಶಲ ವಿಷಯಗಳು ಬಂದವು. 2023ರ ಅಕ್ಟೋಬರ್‌ನಲ್ಲಿ ರಾಜ್ಯ ಸರಕಾರ ಪ್ರೊ. ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ರಚಿಸಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಆರಂಭವಾಯಿತು. ಬಿ.ಎ., ಬಿ.ಎಸ್ಸಿ. ತರಗತಿಗಳಿಗೆ ಮತ್ತೆ ಮೂರು ಮುಖ್ಯ ವಿಷಯಗಳು ಬಂದವು. ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸರಕಾರದ ಕೈಸೇರಿತು.

ಯಾವ ನೀತಿ ಸರಿ, ಯಾವುದು ತಪ್ಪು ಎಂಬ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಬೇರೆ ವೇದಿಕೆಗಳಿವೆ. ನಮ್ಮ ಮುಂದಿರುವುದು ಮಕ್ಕಳ ಪ್ರಶ್ನೆ. 2021ರಿಂದ 2023ರವರೆಗೆ ಸೇರಿದ ಮೂರು ತಂಡಗಳು ಒಂದು ಕ್ರಮದಲ್ಲಿ, 2024ರಿಂದ ಸೇರಿದವರು ಇನ್ನೊಂದು ಕ್ರಮದಲ್ಲಿ ಓದಿದ್ದಾರೆ. ಹಿಂದಿನ ಕ್ರಮದ ಕೊನೆಯ ತಂಡಕ್ಕೆ 2025-26 ಮೂರನೆಯ ವರ್ಷ. ಆ ತಂಡ ಹೊರಗೆ ಹೋದ ಮೇಲೂ ಬಾಕಿ ವಿಷಯ ಉಳಿಸಿಕೊಂಡವರು ನಮ್ಮವರೇ. ಅವರು ಓದಿದ ಪತ್ರಿಕೆಯನ್ನು ನಾವು ಈಗ ತರಗತಿಯಲ್ಲಿ ಪಾಠ ಮಾಡುತ್ತಿಲ್ಲ. ಅವರಿಗೆ ನೋಟ್ಸ್ ಕೊಡುವ ಕಿರಿಯ ಸ್ನೇಹಿತರೂ ಇಲ್ಲ. ಇಂಥವರೇ ಸದ್ದಿಲ್ಲದೆ ಪದವಿ ಬಿಟ್ಟು ಹೋಗುವವರು.

ಆದ್ದರಿಂದ ಪ್ರತಿಯೊಂದು ವಿಭಾಗವೂ ಬಾಕಿ ಉಳಿಸಿಕೊಂಡ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಹೆಸರು ಮತ್ತು ದೂರವಾಣಿ ಸಂಖ್ಯೆ ಸಹಿತ ಸಿದ್ಧಪಡಿಸಬೇಕೆಂದು ನಿರ್ಧರಿಸಿದ್ದೇವೆ. ಪರೀಕ್ಷಾ ಅರ್ಜಿ ತೆರೆದ ದಿನವೇ ಆ ಪಟ್ಟಿಯಲ್ಲಿರುವವರಿಗೆ ಫೋನ್ ಹೋಗಬೇಕು. ಹಳೆಯ ಪಠ್ಯಕ್ರಮದ ಪ್ರಶ್ನೆಪತ್ರಿಕೆಗಳನ್ನೂ ಪುಸ್ತಕಗಳನ್ನೂ ಗ್ರಂಥಾಲಯದಲ್ಲಿ ಪ್ರತ್ಯೇಕ ಕಪಾಟಿನಲ್ಲಿ ಇಡಲಾಗುತ್ತದೆ. ದಯವಿಟ್ಟು ಯಾರೂ ಅವನ್ನು ರದ್ದಿಗೆ ಹಾಕಬೇಡಿ.

ಇನ್ನೊಂದು ಸಂಗತಿ ಮೌಲ್ಯಮಾಪನದ್ದು. ಹಿಂದಿನ ಕ್ರಮದಲ್ಲಿ ಥಿಯರಿ ವಿಷಯಗಳಿಗೆ ಆಂತರಿಕ ಅಂಕ 40, ಪರೀಕ್ಷೆಗೆ 60 ಇತ್ತು. ಈಗಿನ ಕ್ರಮದಲ್ಲಿ ಆಂತರಿಕ ಅಂಕ 20, ಪರೀಕ್ಷೆಗೆ 80. ಕಾಗದದ ಮೇಲೆ ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ದೀರ್ಘ ಉತ್ತರ ಬರೆಯುವ ರೂಢಿಯಿಲ್ಲದ ವಿದ್ಯಾರ್ಥಿಗೆ ಇದು ದೊಡ್ಡ ಬದಲಾವಣೆ. ಹಿಂದೆ ಸೆಮಿನಾರು, ಅಸೈನ್‌ಮೆಂಟು, ಕಿರುಪರೀಕ್ಷೆಗಳಿಂದ ಒಂದಿಷ್ಟು ಆಸರೆ ಸಿಗುತ್ತಿತ್ತು. ಈಗ ಅವನು ಮೂರು ತಾಸು ಕೂತು ಬರೆಯಲೇಬೇಕು. ಕನ್ನಡ ಮಾಧ್ಯಮ ಅಥವಾ ಉರ್ದು ಮಾಧ್ಯಮದಿಂದ ಬಂದು ಇಂಗ್ಲಿಷ್‌ನಲ್ಲಿ ಉತ್ತರಿಸುವ ಮಕ್ಕಳ ಕಷ್ಟ ಇನ್ನೂ ಹೆಚ್ಚು. ಅದಕ್ಕಾಗಿ ಪ್ರತಿ ಶನಿವಾರ ಕೊನೆಯ ಒಂದು ಅವಧಿಯನ್ನು ಉತ್ತರ ಬರೆಯುವ ಅಭ್ಯಾಸಕ್ಕೆ ಮೀಸಲಿಡುತ್ತೇವೆ. ಒಂದು ಪ್ರಶ್ನೆ, ಒಂದು ಉತ್ತರ, ಅಧ್ಯಾಪಕರು ಕೆಂಪು ಶಾಯಿಯಲ್ಲಿ ತಿದ್ದಿ ಸೋಮವಾರ ಹಿಂದಿರುಗಿಸಬೇಕು. ತಿದ್ದುವ ಕೆಲಸ ಬೇಸರದ್ದೆಂದು ನನಗೆ ಗೊತ್ತು. ಆದರೆ ಅದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ.

ಬಿ.ಸಿ.ಎ. ಮತ್ತು ಬಿ.ಬಿ.ಎ. ವಿಭಾಗಗಳವರಿಗೆ ಒಂದು ಮಾತು. 2024-25ರಿಂದ ಈ ಕೋರ್ಸುಗಳು ಎ.ಐ.ಸಿ.ಟಿ.ಇ. ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ಪ್ರಯೋಗಾಲಯ, ಅಧ್ಯಾಪಕರ ಅರ್ಹತೆ, ಕಂಪ್ಯೂಟರುಗಳ ಸಂಖ್ಯೆ ಎಲ್ಲದಕ್ಕೂ ದಾಖಲೆ ಕೇಳುತ್ತಾರೆ. ದಾಖಲೆಗಳನ್ನು ವರ್ಷಾಂತ್ಯದಲ್ಲಿ ಹುಡುಕುವ ಬದಲು ಪ್ರತಿ ತಿಂಗಳೂ ಜೋಡಿಸಿಡೋಣ.

ಹೆಸರಿನ ಒಂದಕ್ಷರ

ಎರಡನೆಯ ಸುದ್ದಿ ದಾಖಲೆಗಳದ್ದು. ಇಂದು ವಿದ್ಯಾರ್ಥಿಯ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ತಂತ್ರಾಂಶದಲ್ಲಿ ನಡೆಯುತ್ತದೆ. ಗಳಿಸಿದ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮೆಯಾಗುತ್ತವೆ. ಯು.ಜಿ.ಸಿ. ಇದಕ್ಕೆ 2021ರ ಜುಲೈನಲ್ಲಿ ನಿಯಮ ಹೊರಡಿಸಿತು. ಅದಕ್ಕೆ ವಿದ್ಯಾರ್ಥಿಯು ಡಿಜಿಲಾಕರ್ ಮೂಲಕ 12 ಅಂಕಿಗಳ ಗುರುತಿನ ಸಂಖ್ಯೆ ಪಡೆಯಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲ್ ಇದೆ. ಇವೆಲ್ಲವೂ ಆಧಾರ್‌ಗೆ ಜೋಡಣೆಯಾಗಿವೆ. ಅಂದರೆ ಎಲ್ಲ ಕಡೆಯೂ ಹೆಸರು ಒಂದೇ ರೀತಿ ಇರಬೇಕು.

ನಮ್ಮ ಮಕ್ಕಳು ಎಡವುವುದು ಇಲ್ಲೇ. ಮುಹಮ್ಮದ್ ಎಂಬ ಒಂದು ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕೈದು ಬಗೆಯಲ್ಲಿ ಬರೆಯುತ್ತಾರೆ. ಶಾಲೆಯಲ್ಲಿ ಬರೆದುಕೊಂಡವರು ಒಂದು ಬಗೆ, ಆಧಾರ್ ಕೇಂದ್ರದವರು ಒಂದು ಬಗೆ, ಬ್ಯಾಂಕಿನವರು ಮೂರನೆಯ ಬಗೆ. ಒಂದು ಕಡೆ ತಂದೆಯ ಹೆಸರು ಸೇರಿದೆ, ಇನ್ನೊಂದು ಕಡೆ ಅಕ್ಷರ ಮಾತ್ರ ಇದೆ. ಹುಡುಗಿಯರ ಹೆಸರಿನಲ್ಲಿ ಬಾನು, ಬೀಬಿ, ಫಾತಿಮಾ ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋಗಿರುತ್ತದೆ. ಮನೆಯವರಿಗೆ ಇದೊಂದು ತೊಂದರೆಯೆಂದೇ ಅನಿಸುವುದಿಲ್ಲ. ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ವ್ಯಕ್ತಿಗಳು.

ಸುಲಭ ದಾರಿ ಏನೆಂದರೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಮೂಲವೆಂದು ಹಿಡಿದು ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಅದಕ್ಕೆ ಸರಿಹೊಂದಿಸುವುದು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಜನ್ಮದಿನಾಂಕವನ್ನು ಒಂದು ಸಲ ತಿದ್ದಲು ಸಾಮಾನ್ಯವಾಗಿ ಅವಕಾಶವಿದೆ. ಹಾಗಾಗಿ ಯಾರೋ ಹೇಳಿದರೆಂದು ಆತುರದಿಂದ ತಿದ್ದಿಸಿ ಅವಕಾಶ ಕಳೆದುಕೊಳ್ಳಬಾರದು. ಮೊದಲು ಕಾಲೇಜಿಗೆ ಬಂದು ತೋರಿಸಿ ಎಂದು ಮಕ್ಕಳಿಗೆ ತಿಳಿಸಿ.

ಬ್ಯಾಂಕ್ ಖಾತೆಯ ವಿಚಾರದಲ್ಲೂ ಒಂದು ಎಚ್ಚರಿಕೆ ಬೇಕು. ವಿದ್ಯಾರ್ಥಿವೇತನದ ಹಣ ನಾವು ಅರ್ಜಿಯೊಂದಿಗೆ ಕೊಟ್ಟ ಪಾಸ್‌ಬುಕ್ ನೋಡಿಕೊಂಡು ಬರುವುದಿಲ್ಲ. ಎನ್.ಪಿ.ಸಿ.ಐ. ದಾಖಲೆಯಲ್ಲಿ ಆ ಆಧಾರ್ ಸಂಖ್ಯೆಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಮಗು ಎಂದೋ ತೆರೆದು ಮರೆತ ಖಾತೆಗೆ ಹಣ ಹೋಗಿ, ಬರಲೇ ಇಲ್ಲ ಎಂದು ವರ್ಷವಿಡೀ ಅಲೆದವರಿದ್ದಾರೆ. ಖಾತೆಗೆ ಜೋಡಣೆಯೇ ಆಗಿಲ್ಲದಿದ್ದರೆ ಹಣ ಎಲ್ಲಿಗೂ ಹೋಗದು.

ಈ ಎಲ್ಲವನ್ನೂ ಸರಿಪಡಿಸಲು ಕಾಲೇಜು ತೆರೆದ ಮೊದಲ ತಿಂಗಳಲ್ಲಿಯೇ ದಾಖಲೆ ತಪಾಸಣೆಯ ವಾರವನ್ನು ಇಟ್ಟುಕೊಂಡಿದ್ದೇವೆ. ಪ್ರತಿ ಅಧ್ಯಾಪಕರಿಗೂ ಕೆಲವು ವಿದ್ಯಾರ್ಥಿಗಳ ಹೊಣೆ ಇರುತ್ತದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಈ ನಾಲ್ಕನ್ನೂ ಮೇಜಿನ ಮೇಲಿಟ್ಟು ಒಂದಕ್ಕೊಂದು ತಾಳೆ ನೋಡಬೇಕು. ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಸರಿಯಿದೆಯೇ, ಅವಧಿ ಮುಗಿದಿದೆಯೇ ನೋಡಬೇಕು. ಮುಗಿದಿದ್ದರೆ ನಾಡಕಚೇರಿಗೆ ಅರ್ಜಿ ಹಾಕಿಸಬೇಕು. ಇದು ಗುಮಾಸ್ತರ ಕೆಲಸ, ಉಪನ್ಯಾಸಕರದ್ದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಕಚೇರಿಯಲ್ಲಿರುವ ಕೆಲವೇ ಮಂದಿ ಇಡೀ ಕಾಲೇಜಿನ ಮಕ್ಕಳ ಕಾಗದ ನೋಡುವುದು ಅಸಾಧ್ಯ. ಜೊತೆಗೆ, ಮಗುವಿನ ಕಾಗದ ನೋಡುವಾಗ ಅದರ ಮನೆಯ ಸ್ಥಿತಿಯೂ ನಿಮಗೆ ತಿಳಿಯುತ್ತದೆ. ಮುಂದೆ ಆ ಮಗು ಒಂದು ವಾರ ಬರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವ ಒಬ್ಬರು ಕಾಲೇಜಿನಲ್ಲಿ ಇದ್ದಂತಾಗುತ್ತದೆ.

ನಿಂತುಹೋದ ನೆರವು, ಉಳಿದಿರುವ ನೆರವು

ಹಿತವಲ್ಲದ ಸುದ್ದಿಯನ್ನೂ ಹೇಳಬೇಕು. ಸಾಚಾರ್ ವರದಿಯ ನಂತರ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ನಮ್ಮ ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳಿಗೆ ದಾರಿಯಾಗಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಗಿದೆಯೆಂದು ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಅದೇ ವರ್ಷ ಒಂದರಿಂದ ಎಂಟನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳಿಗೆ ಸಿಗುತ್ತಿದ್ದ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವೂ ನಿಂತಿತು. ಇಂದು ಶಾಲೆಯಲ್ಲಿರುವ ಆ ಮಕ್ಕಳು ನಾಳೆ ನಮ್ಮಲ್ಲಿಗೆ ಬರಬೇಕಾದವರು.

ರಾಜ್ಯದ ಮಟ್ಟದಲ್ಲಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ನೆರವು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಶೈಕ್ಷಣಿಕ ಸಾಲ, ಇಲಾಖೆಯ ವಿದ್ಯಾರ್ಥಿನಿಲಯಗಳು ನಮಗೆ ಮುಖ್ಯವಾದವು. ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ, ಮುಂದೆ ಓದುತ್ತಿಲ್ಲವಾದರೆ, ಎರಡು ವರ್ಷದವರೆಗೆ ತಿಂಗಳಿಗೆ 3000 ರೂಪಾಯಿ ಕೊಡುವ ಯುವನಿಧಿ ಯೋಜನೆ 2024ರ ಜನವರಿಯಲ್ಲಿ ಆರಂಭವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಆದರೆ ಕರಾವಳಿಯಂತಹ ಕಡೆ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಅದರ ಪ್ರಯೋಜನ ಎಲ್ಲ ಹುಡುಗಿಯರಿಗೂ ಒಂದೇ ರೀತಿ ಸಿಗುವುದಿಲ್ಲ. ಬಸ್ಸಿನ ಖರ್ಚಿಗಾಗಿ ವಾರದಲ್ಲಿ ಎರಡು ದಿನ ರಜೆ ಹಾಕುವ ಹುಡುಗಿ ನಿಮ್ಮ ತರಗತಿಯಲ್ಲಿದ್ದರೆ ನನಗೆ ತಿಳಿಸಿ. ಹೆಸರು ಹೊರಗೆ ಬಾರದಂತೆ ಸಂಘದ ನಿಧಿಯಿಂದ ವ್ಯವಸ್ಥೆ ಮಾಡಲು ಅಧ್ಯಕ್ಷರು ಒಪ್ಪಿದ್ದಾರೆ.

ಮನಸ್ಸಿನ ಆರೋಗ್ಯದ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸಹಾಯವಾಣಿ ದೇಶದಾದ್ಯಂತ ಆರಂಭವಾಯಿತು. ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಎಲ್ಲ ತರಗತಿಗಳ ಗೋಡೆಯ ಮೇಲೆ ಬರೆಸುತ್ತಿದ್ದೇವೆ. ಪರೀಕ್ಷೆಯ ಭಯ, ಮನೆಯ ಜಗಳ, ಸಾಲದ ಚಿಂತೆ ಇವುಗಳನ್ನು ಮಕ್ಕಳು ನಮಗೆ ಹೇಳದೆ ಇರಬಹುದು. ಅಲ್ಲಿಯಾದರೂ ಹೇಳಲಿ.

ಅಧ್ಯಾಪಕರ ಏಳಿಗೆ

ಈಗ ತಮ್ಮ ವಿಚಾರ. ನಮ್ಮಲ್ಲಿರುವ ಯುವ ಉಪನ್ಯಾಸಕರಲ್ಲಿ ಹಲವರು ಸ್ನಾತಕೋತ್ತರ ಪದವಿ ಮುಗಿಸಿ ಕಡಿಮೆ ವೇತನಕ್ಕೆ ದುಡಿಯುತ್ತಿದ್ದಾರೆ. ಅವರು ಇಲ್ಲಿಯೇ ಹೀಗೆಯೇ ಉಳಿಯಲಿ ಎಂದು ಬಯಸುವುದು ಸ್ವಾರ್ಥವಾದೀತು. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಕ್ಕೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆಯೆಂದು ಯು.ಜಿ.ಸಿ. ತಿಳಿಸಿದೆ. ನಮ್ಮ ರಾಜ್ಯದ ಕೆ-ಸೆಟ್ ಪರೀಕ್ಷೆಯನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100 ಪ್ರಶ್ನೆ, ಒಟ್ಟು 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ಶೇ. 40, ಪ್ರವರ್ಗ 2ಬಿ ಸೇರಿದಂತೆ ಮೀಸಲು ವರ್ಗಗಳಿಗೆ ಶೇ. 35 ಕನಿಷ್ಠ ಅಂಕ ಬೇಕು. ಆದರೆ ಅಷ್ಟು ಬಂದವರೆಲ್ಲರೂ ತೇರ್ಗಡೆಯಾಗುವುದಿಲ್ಲ. ಪರೀಕ್ಷೆಗೆ ಹಾಜರಾದವರಲ್ಲಿ ಶೇ. 6ರಷ್ಟು ಮಂದಿಗೆ ಮಾತ್ರ ಅರ್ಹತೆ. ಆದ್ದರಿಂದ ಸಿದ್ಧತೆ ಗಟ್ಟಿಯಾಗಿರಬೇಕು.

ಮೊದಲ ಪತ್ರಿಕೆ ಎಲ್ಲ ವಿಷಯದವರಿಗೂ ಒಂದೇ. ಬೋಧನಾ ಸಾಮರ್ಥ್ಯ, ಸಂಶೋಧನಾ ವಿಧಾನ, ತರ್ಕ, ಸಂವಹನ ಮುಂತಾದವು ಅದರಲ್ಲಿವೆ. ಅದಕ್ಕಾಗಿ ಸಂಜೆ ತರಗತಿ ಮುಗಿದ ನಂತರ ವಾರಕ್ಕೆರಡು ದಿನ ನಮ್ಮಲ್ಲಿಯೇ ಅಭ್ಯಾಸಕೂಟ ನಡೆಯುತ್ತದೆ. ಈಗಾಗಲೇ ತೇರ್ಗಡೆಯಾದವರು ಉಳಿದವರಿಗೆ ಹೇಳಿಕೊಡಬೇಕು. ಪರೀಕ್ಷೆಗೆ ಮೊದಲಿನ ವಾರ ತರಗತಿಯ ಹೊರೆಯನ್ನು ಹಿರಿಯರು ಹಂಚಿಕೊಳ್ಳಬೇಕು. 2024ರ ಜೂನ್‌ನಿಂದ ನೆಟ್ ಅಂಕದ ಮೂಲಕ ಪಿಎಚ್.ಡಿ. ಪ್ರವೇಶಕ್ಕೂ ಅವಕಾಶ ಸಿಕ್ಕಿದೆ. ನಾಲ್ಕು ವರ್ಷದ ಪದವಿಯನ್ನು ಶೇ. 75 ಅಂಕದೊಂದಿಗೆ ಮುಗಿಸಿದವರೂ ನೆಟ್ ಬರೆಯಬಹುದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕನೆಯ ವರ್ಷ ಓದಿದವರಿಗೆ ಇದನ್ನು ತಿಳಿಸಿ.

ವಿದ್ಯಾರ್ಥಿಗಳಿಗೆ 2017ರಲ್ಲಿ ಆರಂಭವಾದ ಸ್ವಯಂ ಜಾಲತಾಣದ ಕೋರ್ಸುಗಳಿವೆ. ಯು.ಜಿ.ಸಿ.ಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಪಡೆಯಲು ವಿಶ್ವವಿದ್ಯಾನಿಲಯಗಳು ಅವಕಾಶ ನೀಡಬಹುದು. ನಮ್ಮಲ್ಲಿ ಅಧ್ಯಾಪಕರಿಲ್ಲದ ವಿಷಯವನ್ನು ಆಸಕ್ತ ವಿದ್ಯಾರ್ಥಿ ಅಲ್ಲಿ ಕಲಿಯಲಿ. ಅದಕ್ಕಾಗಿ ಕಂಪ್ಯೂಟರ್ ಕೊಠಡಿಯನ್ನು ಸಂಜೆ ಒಂದು ತಾಸು ಹೆಚ್ಚು ತೆರೆದಿಡುತ್ತೇವೆ.

ಯಂತ್ರಬುದ್ಧಿಯಿಂದ ಅಸೈನ್‌ಮೆಂಟು ಬರೆಸಿ ತರುವ ಮಕ್ಕಳ ಬಗ್ಗೆ ಹಲವರು ದೂರಿದ್ದೀರಿ. ಬೈದು ಪ್ರಯೋಜನವಿಲ್ಲ. ಬರೆದು ತಂದದ್ದನ್ನು ಐದು ನಿಮಿಷ ಬಾಯಲ್ಲಿ ವಿವರಿಸಲು ಹೇಳಿ. ತಿಳಿದು ಬರೆದವನು ಹೇಳುತ್ತಾನೆ, ತಿಳಿಯದವನು ಮುಂದಿನ ಸಲ ಓದಿಕೊಂಡು ಬರುತ್ತಾನೆ.

ಜಾಮಿಯಾದ ಒಂದು ಪಾಠ

ಇಷ್ಟೆಲ್ಲ ಕೆಲಸವನ್ನು ತಮ್ಮ ಮೇಲೆ ಹೇರಿದ ಮೇಲೆ, ಸಂಸ್ಥೆಯ ಮುಖ್ಯಸ್ಥನಾದವನ ಕರ್ತವ್ಯವೇನು ಎಂದು ತಾವು ಕೇಳಬಹುದು. ಅದಕ್ಕೆ ಉತ್ತರವಾಗಿ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಇತಿಹಾಸದಿಂದ ಒಂದು ಸಂಗತಿಯನ್ನು ಹೇಳುತ್ತೇನೆ.

1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ ಆರಂಭವಾದ ಜಾಮಿಯಾ 1925ರಲ್ಲಿ ದೆಹಲಿಯ ಕರೋಲ್‌ಬಾಗ್‌ಗೆ ಬಂತು. ಖಿಲಾಫತ್ ಚಳವಳಿ ತಣ್ಣಗಾದಂತೆ ಬರುತ್ತಿದ್ದ ಹಣವೂ ನಿಂತಿತು. ಮುಚ್ಚಿಬಿಡೋಣ ಎಂಬ ಮಾತೂ ಬಂತು. ಜರ್ಮನಿಯಲ್ಲಿ ಓದುತ್ತಿದ್ದ ಡಾ. ಝಾಕಿರ್ ಹುಸೇನ್, ಡಾ. ಆಬಿದ್ ಹುಸೇನ್ ಮತ್ತು ಪ್ರೊ. ಮುಹಮ್ಮದ್ ಮುಜೀಬ್ 1926ರಲ್ಲಿ ಬಂದು ಅದನ್ನು ಕೈಗೆತ್ತಿಕೊಂಡರು. ಝಾಕಿರ್ ಸಾಹೇಬರು ಕುಲಪತಿಯಾದಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. 1927ರ ಕೊನೆಯಲ್ಲಿ ಸಂಸ್ಥೆಯ ದೊಡ್ಡ ಆಸರೆಯಾಗಿದ್ದ ಹಕೀಮ್ ಅಜ್ಮಲ್ ಖಾನ್ ತೀರಿಕೊಂಡರು. ಆಗ ಅಧ್ಯಾಪಕರೇ ಸೇರಿ ಒಂದು ಶಿಕ್ಷಣ ಸಂಘ ಕಟ್ಟಿಕೊಂಡು, 20 ವರ್ಷ ಇಲ್ಲಿಯೇ ಸೇವೆ ಸಲ್ಲಿಸುತ್ತೇವೆ, 150 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಡಿಸಿದ್ದು ಯಾವ ದೊಡ್ಡ ಮನುಷ್ಯರಿಂದಲೂ ಅಲ್ಲ, ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿಯಿಂದ. ಆ ಸಂಸ್ಥೆ 1962ರಲ್ಲಿ ವಿಶ್ವವಿದ್ಯಾನಿಲಯವೆಂದು ಪರಿಗಣಿತವಾಗಿ, 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಝಾಕಿರ್ ಹುಸೇನರು 1967ರಲ್ಲಿ ರಾಷ್ಟ್ರಪತಿಯಾದರು.

ಈ ಕಥೆಯನ್ನು ನಾನು ಕಡಿಮೆ ಸಂಬಳಕ್ಕೆ ದುಡಿಯಿರಿ ಎಂದು ಹೇಳಲು ಬಳಸುತ್ತಿಲ್ಲ. ತ್ಯಾಗದ ಹೆಸರಿನಲ್ಲಿ ಅಧ್ಯಾಪಕರ ಹೊಟ್ಟೆಗೆ ಹೊಡೆಯುವ ಆಡಳಿತಗಳು ಈ ಕಥೆಯನ್ನು ಬಹಳ ದುರುಪಯೋಗ ಮಾಡಿವೆ. ನಾನು ಅದರಿಂದ ಕಲಿಯುವುದು ಬೇರೆ. ಸಂಸ್ಥೆಯ ಖಜಾನೆ ಬರಿದಾಗಿದೆ ಎಂಬುದು ಅಲ್ಲಿನ ಅಧ್ಯಾಪಕರಿಗೆ ತಿಳಿದಿತ್ತು. ತಿಳಿದೇ ಅವರು ನಿರ್ಧಾರ ಮಾಡಿದರು. ಆ ನಿರ್ಧಾರದಲ್ಲಿ ಮುಖ್ಯಸ್ಥನೂ ಅವರೊಂದಿಗೇ ಸೇರಿದ್ದ. ವಿಷಯ ಮುಚ್ಚಿಟ್ಟು ತ್ಯಾಗ ಕೇಳಿದರೆ ಅದು ಮೋಸವಾಗುತ್ತದೆ.

ಆದ್ದರಿಂದ ಈ ವರ್ಷದಿಂದ ಸಂಘದ ಒಪ್ಪಿಗೆ ಪಡೆದು ಒಂದು ಕ್ರಮವನ್ನು ಆರಂಭಿಸುತ್ತಿದ್ದೇವೆ. ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಕಾಲೇಜಿನ ಆದಾಯ, ಖರ್ಚು, ಶುಲ್ಕ ಬಾಕಿ, ಸಂಬಳಕ್ಕೆ ಬೇಕಾದ ಮೊತ್ತ ಇವನ್ನು ಅಧ್ಯಾಪಕರ ಸಭೆಯ ಮುಂದೆ ಇಡಲಾಗುವುದು. ಯಾವ ಹುದ್ದೆ ಖಾಲಿ ಇದೆ, ಎಂದು ತುಂಬುತ್ತೇವೆ ಎಂಬುದನ್ನೂ ಹೇಳುತ್ತೇವೆ. ಸಂಬಳ ತಡವಾಗುವ ಸಂದರ್ಭ ಬಂದರೆ ಅದನ್ನು ತಿಂಗಳ ಮೊದಲೇ ತಮಗೆ ತಿಳಿಸುತ್ತೇನೆ. ಕಡಿಮೆ ಸಂಬಳದವರಿಗೆ ಮೊದಲು, ನನಗೆ ಕೊನೆಗೆ ಎಂಬುದು ಅದರ ನಿಯಮ. ತಾವು ವಿದ್ಯಾರ್ಥಿಗಳಿಗೆ ಸುದ್ದಿ ತಲುಪಿಸಬೇಕೆಂದು ಕೇಳುವ ನಾನು, ತಮಗೆ ಸುದ್ದಿ ತಲುಪಿಸಲು ಬದ್ಧನಾಗಿರಬೇಕು.

ವಿದ್ಯಾರ್ಥಿಗಳಿಗೆ ಎರಡು ಮಾತು

ಸಂಚಿಕೆಯಲ್ಲಿ ಇದನ್ನು ಓದುವ ವಿದ್ಯಾರ್ಥಿಗಳೇ, ನಿಮ್ಮ ನಾಲ್ಕು ದಾಖಲೆಗಳನ್ನು ಇಂದೇ ತೆಗೆದು ಹೆಸರು ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ನಿಮ್ಮ ಅಧ್ಯಾಪಕರನ್ನು ಕಾಣಿ. ಬಾಕಿ ವಿಷಯವಿದ್ದರೆ ನಾಚಿಕೆಪಟ್ಟು ದೂರವಿರಬೇಡಿ. ಕಾಲೇಜಿನಿಂದ ಹೊರಗೆ ಹೋದವರಿಗೂ ಈ ಬಾಗಿಲು ತೆರೆದಿದೆ. ನಿಮಗೆ ತಿಳಿದ ಒಂದು ಮಾಹಿತಿಯನ್ನು ನಿಮ್ಮ ಬೀದಿಯ, ನಿಮ್ಮ ಮೊಹಲ್ಲಾದ ಇನ್ನೊಬ್ಬರಿಗೆ ಹೇಳಿ. ನಿಮ್ಮ ಓದಿನ ಮೊದಲ ಫಲ ಅದೇ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ: ಪ್ರತಿಭಾ ಪುರಸ್ಕಾರದ ಸಮಾರಂಭಕ್ಕೆ ಬರುವಷ್ಟೇ ಉತ್ಸಾಹದಿಂದ ದಾಖಲೆ ತಪಾಸಣೆಯ ವಾರಕ್ಕೂ ಬನ್ನಿ. ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ನಿಮ್ಮಲ್ಲಿ ಅನೇಕರಿದ್ದೀರಿ. ಒಂದು ಗಂಟೆ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಒಂದು ಅರ್ಜಿ ತುಂಬಿಸಿ ಕೊಟ್ಟರೆ, ಶೇ. 90 ಅಂಕ ಪಡೆದವನಿಗೆ ಶಾಲು ಹೊದಿಸಿದಷ್ಟೇ ದೊಡ್ಡ ಕೆಲಸ ಅದು. ಅಂಕ ಕಡಿಮೆ ಬಂದ ಮಗುವೂ ಕಾಲೇಜಿನಲ್ಲಿ ಉಳಿಯುತ್ತದೆ.

ಅಧ್ಯಾಪಕ ಮಿತ್ರರೇ, ಮುಂದಿನ ವರ್ಷದ ಈ ಸಭೆಯಲ್ಲಿ ನಾನು ತಮ್ಮಿಂದ ಕೇಳುವುದು ಫಲಿತಾಂಶದ ಶೇಕಡಾವಾರು ಲೆಕ್ಕವೊಂದನ್ನೇ ಅಲ್ಲ. ತಮ್ಮ ಪಾಲಿಗೆ ಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಉಳಿದರು, ಹೋದವರು ಯಾರು, ಏಕೆ ಹೋದರು ಎಂಬುದನ್ನು ಹೆಸರು ಹಿಡಿದು ಹೇಳಲು ಸಿದ್ಧರಾಗಿ ಬನ್ನಿ. ನಾನೂ ಕಾಲೇಜಿನ ಲೆಕ್ಕದೊಂದಿಗೆ ಬರುತ್ತೇನೆ.

 ಸರ್ವಶಕ್ತನು ನಮ್ಮ ಪ್ರಯತ್ನಗಳಿಗೆ ಬಲ ನೀಡಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತನ್ನು ಮುಗಿಸುತ್ತೇನೆ.